ಅಧಿಕ ಮಾಸದಲ್ಲಿ ಎರಡನೇ ಸೂಜಿ

ಭೀಮಬಾಯಿ ರೊಟ್ಟಿ ಮಾರುವುದಕ್ಕೆ ಬಂದಿದ್ದಾಳೆ ಎಂದೇ ಬಸವಪ್ರಭುಗಳು ತಿಳಿದುಕೊಂಡರು. ಅವರದೂ ಪೂರ್ತಿ ತಪ್ಪಲ್ಲ. ಜನವರಿಯ ಒಂದು ಶನಿವಾರ ಬೆಳಗ್ಗೆ, ಜೋಗುಪಾಳ್ಯದ ಸಭಾಂಗಣದ ಮೆಟ್ಟಿಲ ಮೇಲೆ, ಬುಟ್ಟಿ ತುಂಬ ಜೋಳದ ರೊಟ್ಟಿ, ಡಬ್ಬಿ ತುಂಬ ಶೇಂಗಾ ಚಟ್ನಿ ಇಟ್ಟುಕೊಂಡು ಕಾಲು ಚಾಚಿ ಕೂತ ಹೆಂಗಸನ್ನು ಕಂಡರೆ ಮುಖ್ಯ ಅತಿಥಿ ಎಂದು ಯಾರೂ ತಿಳಿಯುವುದಿಲ್ಲ.

ಒಳಗೆ ನಡೆಯುತ್ತಿದ್ದದ್ದು ಬಸವಪ್ರಭುಗಳ ಲಸಿಕೆ ಶಿಬಿರ. 'ಬಸವಪ್ರಭುಗಳ' ಎನ್ನುವುದು ಅವರದೇ ಮಾತು. ನಿಜವಾಗಿ ಅದು 'ಸ್ನೇಹದೀಪ ಸೇವಾ ಬಳಗ'ದ ಶಿಬಿರ. ಗರ್ಭಕೊರಳಿನ ಕ್ಯಾನ್ಸರ್ ಬಾರದ ಹಾಗೆ ಹುಡುಗಿಯರಿಗೆ ಹಾಕುವ ಎಚ್‌ಪಿವಿ ಲಸಿಕೆ. ಒಂದು ಸೂಜಿ ಈಗ, ಇನ್ನೊಂದು ಆರು ತಿಂಗಳ ಮೇಲೆ, ಎರಡೂ ಪುಕ್ಕಟೆ. ಬಸವಪ್ರಭುಗಳು ಬಳಗದ ಗೌರವ ಕಾರ್ಯದರ್ಶಿ. ಊರು ದಾವಣಗೆರೆ ಕಡೆ, ಮನೆ ಜೀವನ್ ಬಿಮಾ ನಗರ, ಕೆಲಸ ವಿಮಾ ಕಚೇರಿಯಲ್ಲಿ, ವಯಸ್ಸು ಐವತ್ತೆರಡು. ಗೌರವ ಕಾರ್ಯದರ್ಶಿ ಎಂದರೆ ಸಂಬಳವಿಲ್ಲದವನು ಎಂದು ಉಳಿದವರು ತಿಳಿದಿದ್ದರು. ಇವರು ಮಾತ್ರ ಅದರ ಮೊದಲ ಪದಕ್ಕೇ ಹೆಚ್ಚು ಒತ್ತು ಕೊಡುತ್ತಿದ್ದರು.

"ಇಲ್ಲಿ ವ್ಯಾಪಾರ ಮಾಡ್ಬಾರದಮ್ಮ. ಇದು ಆರೋಗ್ಯ ಶಿಬಿರ," ಎಂದರು.

"ವ್ಯಾಪಾರ ಅಲ್ರಿ ಸಾಹೇಬ್ರ..."

"ಏನೇ ಇರ್ಲಿ. ಶಿಸ್ತು ಅಂತ ಒಂದಿರುತ್ತೆ. ಆ ಕಡೆ ಹೋಗಿ."

ಭೀಮಬಾಯಿ ಬುಟ್ಟಿ ಎತ್ತಿ ಸೊಂಟಕ್ಕಿಟ್ಟುಕೊಂಡು ರಸ್ತೆಯಾಚೆ ಕರೆಂಟ್ ಕಂಬದ ಕೆಳಗೆ ಹೋಗಿ ಕೂತಳು. ಬಸವಪ್ರಭುಗಳು ಒಳಗೆ ಹೋಗಿ ಉದ್ಘಾಟನೆ ಮಾಡಿಸಿದರು. ಜನಕ್ಕೆ ಮಾದರಿಯಾಗಲಿ ಎಂದು ಮೊದಲ ಸೂಜಿ ತಮ್ಮ ಮಗಳು ವೈಷ್ಣವಿಗೇ ಹಾಕಿಸಿದರು. ಎಂಟನೇ ಕ್ಲಾಸಿನ ವೈಷ್ಣವಿ ಹಲ್ಲು ಕಚ್ಚಿ ತೋಳು ಕೊಟ್ಟಳು. ಫೋಟೋದಲ್ಲಿ ಬಂದದ್ದು ಅಪ್ಪನ ಪೂರ್ತಿ ಮುಖ, ಮಗಳ ಅರ್ಧ ತೋಳು.

ಐದನೆಯ ಹುಡುಗಿ ಸೂಜಿ ಹಾಕಿಸಿಕೊಂಡು ಎದ್ದವಳು ಹಾಗೇ ಕುಸಿದಳು.

ಶಿವಾಜಿನಗರದಿಂದ ಬಂದಿದ್ದ ನರ್ಸ್ ಶಿರೀನ್ ಸಿಸ್ಟರ್ ಅವಳನ್ನು ಬೆಂಚಿನ ಮೇಲೆ ಮಲಗಿಸಿ, ಕಾಲು ಎತ್ತಿ ಹಿಡಿದು, "ಬೆಳಗ್ಗೆ ಏನ್ ತಿಂದ್ಯಮ್ಮಾ?" ಎಂದು ಕೇಳಿದರು.

"ಏನಿಲ್ರಿ. ಶನಿವಾರ ಒಪ್ಪತ್ತು."

ಸಿಸ್ಟರ್ ಬಸವಪ್ರಭುಗಳ ಕಡೆ ತಿರುಗಿದರು. "ಸರ್, ಖಾಲಿ ಹೊಟ್ಟೇಲಿ ಹೆದರ್ಕೊಂಡು ಬರ್ತಾವೆ, ಅದಕ್ಕೇ ತಲೆ ತಿರುಗೋದು. ಸೂಜಿದೇನೂ ತಪ್ಪಿಲ್ಲ. ಆದ್ರೆ ಇನ್ನೊಬ್ಳು ಹಿಂಗೆ ಬಿದ್ರೆ, ಸಾಯಂಕಾಲಕ್ಕೆ ಹುಡುಗಿ ಸತ್ತೇಹೋದ್ಲು ಅಂತ ಹಲಸೂರು ತನಕ ಸುದ್ದಿ. ಆಮೇಲೆ ಎರಡ್ನೇ ಡೋಸ್‌ಗೆ ನೀವೊಬ್ರೇ ಬಂದು ಕೂತ್ಕೋಬೇಕಾಗುತ್ತೆ. ಮೆಟ್ಟಿಲ ಮೇಲೆ ಎಲ್ರಿಗೂ ತಿನ್ನಿಸಿ ಕಳಿಸ್ತಿದ್ರಲ್ಲ, ಆ ರೊಟ್ಟಿ ಅಮ್ಮ ಎಲ್ಲಿ? ಯಾರು ಓಡ್ಸಿದ್ದು ಅವ್ರನ್ನ?"

ಬಸವಪ್ರಭುಗಳು ಬ್ಯಾನರಿನ ಹಗ್ಗ ಸಡಿಲವಾಗಿದೆಯೇ ಎಂದು ಬಹಳ ಹೊತ್ತು ಪರೀಕ್ಷಿಸಿದರು. ಆಮೇಲೆ ತಾವೇ ರಸ್ತೆ ದಾಟಿ ಹೋದರು. ಕಂಬದ ಕೆಳಗೆ ನಾಲ್ಕು ಹುಡುಗಿಯರು ಕುಕ್ಕರುಗಾಲಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದರು. ಇನ್ನೊಬ್ಬಳಿಗೆ ಭೀಮಬಾಯಿ ಹೇಳುತ್ತಿದ್ದಳು: "ತಿನ್ನವ್ವಾ ತಂಗಿ. ಹಣಮಪ್ಪಗ ನಾ ಹೇಳ್ತೀನಿ, ಬಿಡು."

ಆ ದಿನ ಪಟ್ಟಿಯಲ್ಲಿದ್ದ ಇಪ್ಪತ್ತೊಂದು ಹುಡುಗಿಯರಿಗೂ ಸೂಜಿ ಆಯಿತು. ಮತ್ತೆ ಯಾರೂ ಬೀಳಲಿಲ್ಲ.

ಇನ್ನು ಆರು ತಿಂಗಳ ಕಥೆ. ಮೊದಲನೇ ಸೂಜಿಗೆ ಜನ ಸೇರಿಸುವುದು ಕಷ್ಟವಲ್ಲ. ಬ್ಯಾನರು, ಮೈಕು, ಬಿಸ್ಕತ್ತು ಇದ್ದರೆ ಸಾಕು. ಎರಡನೆಯದಕ್ಕೆ ಅವೇ ಮುಖಗಳು ತಿರುಗಿ ಬರಬೇಕು. ಬಸವಪ್ರಭುಗಳು ಕೈಕಟ್ಟಿ ಕೂರಲಿಲ್ಲ. ಎಲ್ಲರಿಗೂ ಹಳದಿ ಕಾರ್ಡು ಕೊಟ್ಟಿದ್ದರು. ಅದರಲ್ಲಿ ಬಳಗದ ಲಾಂಛನ ಅಂಗೈಯಷ್ಟು ದೊಡ್ಡದಿತ್ತು, ಎರಡನೇ ಸೂಜಿಯ ತಾರೀಖು ಇರುವೆಯಷ್ಟು ಚಿಕ್ಕದಿತ್ತು. ವಾಟ್ಸಾಪ್ ಗುಂಪು ಮಾಡಿ ದಿನವೂ ಗುಲಾಬಿ ಹೂವಿನ ಜೊತೆ ಒಂದು ಆರೋಗ್ಯ ಸುಭಾಷಿತ ಕಳಿಸಿದರು. ಏಪ್ರಿಲ್ ಹೊತ್ತಿಗೆ ಅರ್ಧ ನಂಬರುಗಳು ಬಂದ್ ಆಗಿದ್ದವು. ಉಳಿದವು ಅಪ್ಪಂದಿರ ಜೇಬಿನಲ್ಲಿ, ಕಟ್ಟಡಗಳ ಮೇಲೆ, ಸಿಮೆಂಟು ಧೂಳಿನಲ್ಲಿದ್ದವು.

ಜುಲೈ ಮಧ್ಯದಲ್ಲಿ, ಶಿಬಿರಕ್ಕೆ ಹತ್ತು ದಿನ ಇರುವಾಗ, ಅವರೇ ಛತ್ರಿ ಹಿಡಿದು ಓಣಿಗಿಳಿದರು. ಮೊದಲ ಮನೆಗೆ ಬೀಗ. ಎರಡನೆಯದರಲ್ಲಿ ಬೇರೆ ಯಾರೋ ಇದ್ದರು. ಮೂರನೆಯದನ್ನು ಕೆಡವಿ ನಾಲ್ಕು ಅಂತಸ್ತು ಏಳಿಸುತ್ತಿದ್ದರು. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು ಬಾಡಿಗೆ ಕೋಣೆ ಬದಲಾಯಿಸುವುದಕ್ಕೆ ಯಾರಿಗೂ ಸುತ್ತೋಲೆ ಕಳಿಸುವುದಿಲ್ಲ. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಭೀಮಬಾಯಿನ ಕೇಳ್ರಿ."

ಭೀಮಬಾಯಿಯ ರೊಟ್ಟಿ ಅಂಗಡಿ ಎಂದರೆ ಒಂದು ಕೋಣೆಯ ಮುಂಭಾಗ. ಒಳಗೆ ಒಲೆ, ಹೊರಗೆ ಒಂದು ಬೆಂಚು. ಶಹಾಪುರದ ಹತ್ತಿರದ ಹಳ್ಳಿಯಿಂದ ಹತ್ತೊಂಬತ್ತನೇ ವಯಸ್ಸಿಗೆ ಗಂಡ ಶಿವಪುತ್ರನ ಜೊತೆ ಬೆಂಗಳೂರಿಗೆ ಬಂದವಳು. ಅವನದು ಸೆಂಟ್ರಿಂಗ್ ಕೆಲಸ. ಅವಳು ಹನ್ನೊಂದು ವರ್ಷ ಕಾಂಕ್ರೀಟು ಬುಟ್ಟಿ ಹೊತ್ತು, ಸೊಂಟ 'ಇನ್ನು ಸಾಕು' ಎಂದಾಗ ರೊಟ್ಟಿ ತಟ್ಟಲು ಕೂತಳು. ಓದು ಬರಹ ಇಲ್ಲ. ಇಂದಿರಾನಗರದ ಪಿ.ಜಿ.ಗಳಲ್ಲಿರುವ ಗದಗ, ಬಳ್ಳಾರಿ ಹುಡುಗರಿಂದ ಹಿಡಿದು ಗಾರೆ ಕೆಲಸದವರ ತನಕ ಅವಳ ರೊಟ್ಟಿ ತಿನ್ನದವರಿಲ್ಲ. ಮನೆ ಬದಲಾಯಿಸಿದವರೂ ರೊಟ್ಟಿ ಬದಲಾಯಿಸುತ್ತಿರಲಿಲ್ಲ. ಹಾಗಾಗಿ ಯಾರು ಎಲ್ಲಿದ್ದಾರೆಂದು ಅವಳಿಗೆ ಗೊತ್ತು.

"ಮಲ್ಲಮ್ಮನ ಮಗಳು ಕೆ.ಆರ್. ಪುರಂದಾಗ ಅದಾಳ್ರಿ," ಎಂದು ತಟ್ಟುತ್ತಲೇ ಶುರು ಮಾಡಿದಳು. "ನಿಂಗ್ಯಾನ ಮಗಳು ಸೌಂದರ್ಯಾ ಲಿಂಗರಾಜಪುರಕ್ಕ ಹೋಗ್ಯಾಳ. ಆ ಮೂವರು ಅಕ್ಕತಂಗ್ಯಾರು ಇಲ್ಲೇ, ಹಿಂದಿನ ಓಣ್ಯಾಗ." ಹೀಗೆ ಇಪ್ಪತ್ತೊಂದನ್ನೂ ಒಪ್ಪಿಸಿದಳು. ಬಸವಪ್ರಭುಗಳು ಲ್ಯಾಪ್‌ಟಾಪಿನಲ್ಲಿ ಆರು ಬಣ್ಣ ಬಳಿದು ಮಾಡಿದ್ದ ಪಟ್ಟಿಯಲ್ಲಿ ಇದರ ಅರ್ಧವೂ ಇರಲಿಲ್ಲ.

"ತಾರೀಖು ನೆನಪಿದೆಯೇನಮ್ಮ?"

"ತಾರೀಖು ನನಗ ತಿಳ್ಯಂಗಿಲ್ರಿ. ಅಮಾಸಿ ದಿನ ಗಾರಿಯವ್ರು ಕೆಲಸ ಮಾಡಂಗಿಲ್ಲ, ನಂದೂ ಒಲಿ ಹಚ್ಚಂಗಿಲ್ಲ. ಸೂಜಿ ಹಾಕಿದ ಮ್ಯಾಲೆ ಆರು ಅಮಾಸಿ ಆದ್ವು, ಮೊನ್ನಿಗೆ. ಬರೋ ಶನಿವಾರ ಬಿಟ್ಟು ಅದರಾಚಿ ಶನಿವಾರ. ಹೌದಲ್ರಿ?"

ಬಸವಪ್ರಭುಗಳು ಫೋನ್ ತೆಗೆದು ನೋಡಿದರು. ಹೌದು, ಇಪ್ಪತ್ತೊಂಬತ್ತನೇ ತಾರೀಖು.

"ಆದ್ರ ಈ ಸಲ ಒಂದು ತೊಡಕದ," ಎಂದಳು ಭೀಮಬಾಯಿ. "ಅಧಿಕ ಮಾಸ ಬಂದದ. ನಮ್ಮ ಕಡೆ ಅಧಿಕದಾಗ ಮಗಳು-ಅಳಿಯನ್ನ ಕರದು ಹೋಳಗಿ ಉಣಿಸಿ, ಬಟ್ಟಿ ಕೊಟ್ಟು ಕಳಸ್ತಾರ. ಮೂರು ವರ್ಷಕ್ಕೊಮ್ಮೆ ಬರೋ ಮರ್ಯಾದಿ ಯಾರು ಬಿಡ್ತಾರ? ತಾಯಂದ್ರು ತೌರಿಗೆ ಹೊಂಟಾರ, ಜೋಡಿ ಹುಡಗ್ಯಾರೂ ಹೊಂಟಾವ. ಉಳದವ್ರು ಅಧಿಕದಾಗ ಏನೂ ಮಾಡಬಾರದು ಅಂತಾರ."

ಬಸವಪ್ರಭುಗಳು ಸೋಂಕು, ಶೈತ್ಯಾಗಾರ, ಸಂಪರ್ಕ ಎಲ್ಲದಕ್ಕೂ ಯೋಜನೆ ಹಾಕಿದ್ದರು. ಹೋಳಿಗೆಗೆ ಹಾಕಿರಲಿಲ್ಲ. ಶಿಬಿರ ಮುಂದೂಡುವಂತೆಯೂ ಇರಲಿಲ್ಲ. ಲಸಿಕೆ ಬರುವುದು ಆ ಒಂದು ದಿನಕ್ಕೆ. ಉಳಿದದ್ದು ಬೇರೆ ಬಡಾವಣೆಗೆ ಹೋಗುತ್ತದೆ. ತಡವಾಗಿ ಹಾಕಿಸಿದರೂ ಕೆಟ್ಟದ್ದೇನಿಲ್ಲ ಎಂದು ಶಿರೀನ್ ಸಿಸ್ಟರ್ ಹೇಳಿದ್ದರು. ಆದರೆ ತಡವಾದವರು ಬರುವುದಿಲ್ಲ ಎಂದೂ ಅವರೇ ಹೇಳಿದ್ದರು. ಹೊರಗೆ ದುಡ್ಡು ಕೊಟ್ಟು ಹಾಕಿಸುವುದು ಈ ಮನೆಗಳಿಂದ ಆಗುವ ಮಾತಲ್ಲ.

"ನಿಮಗೆ ಹೆಣ್ಣು ಮಕ್ಕಳು ಎಷ್ಟು?" ಎಂದು ಕೇಳಿದರು.

"ಇಲ್ರಿ. ಎರಡೂ ಗಂಡು. ನಮ್ಮ ನೆಗೆಣ್ಣಿ, ಮೈದುನನ ಹೆಂಡ್ತಿ, ಇದೇ ಕ್ಯಾನ್ಸರ್ ಬ್ಯಾನಿಲೆ ಹೋದ್ಳು. ಎಂಟು ತಿಂಗಳು ಹಾಲಿನಾಗ ರೊಟ್ಟಿ ನೆನಸಿ ತಿನಸೀನಿ." ಅಷ್ಟು ಹೇಳಿ ಹೆಂಚಿನ ಮೇಲಿನ ರೊಟ್ಟಿ ಮಗುಚಿದಳು. "ನಾ ಮನಿಮನಿಗಿ ಹೋಗ್ತೀನಿ, ಬಿಡ್ರಿ. ಅದಿರ್ಲಿ, ನಿಮ್ಮ ಮಗಳು ಇಪ್ಪತ್ತೆರಡನೇದಾಕಿ. ಆಕಿಗೆ ಹೇಳೀರೇನು?"

ಬಸವಪ್ರಭುಗಳ ಛತ್ರಿ ಕೈಯಿಂದ ಜಾರಿತು.

ವೈಷ್ಣವಿಯ ಹೆಸರು ಪಟ್ಟಿಯಲ್ಲಿ ಇರಲೇ ಇಲ್ಲ. ಅವಳು ಉದ್ಘಾಟನೆ. ಆರು ಬಣ್ಣದಲ್ಲಿ ಯಾವ ಬಣ್ಣದಲ್ಲೂ ಉದ್ಘಾಟನೆಗೆ ಎರಡನೇ ಡೋಸ್ ಇಟ್ಟಿರಲಿಲ್ಲ. ಮನೆಗೆ ಹೋಗಿ ಹೇಳಿದಾಗ ಹೆಂಡತಿ ವಿಮಲಾಕ್ಷಿ ಕುಕ್ಕರಿನ ಕಡೆ ಮುಖ ತಿರುಗಿಸಿಕೊಂಡು ನಕ್ಕರು. "ಆರು ತಿಂಗಳಿಂದ ಊರಿಗೆಲ್ಲ ಗುಲಾಬಿ ಹೂ ಕಳಿಸಿದ್ರಲ್ರೀ. ಮನೇಲಿ ಒಬ್ಳಿದ್ಲು, ಅವಳಿಗೊಂದು ಎಸಳಾದ್ರೂ ಹಾಕ್ಬಾರ್ದಿತ್ತಾ?"

"ನಿಂಗೆ ಜ್ಞಾಪಕ ಇತ್ತಾ?"

"ನೀವಿದ್ದೀರಲ್ಲ ಅಂತ ನಾನು ಮರೆತೆ."

ಅಧ್ಯಕ್ಷರಾದ ಆದಿನಾರಾಯಣರಿಗೆ ಫೋನ್ ಮಾಡಿದರೆ ಅವರು, "ಇಪ್ಪತ್ತೊಂದಕ್ಕೆ ಆರ್ಡರ್ ಹೋಗ್ಬಿಟ್ಟಿದೆ, ಪ್ರಭು. ಯೋಚನೆ ಮಾಡ್ಬೇಡಿ. ಯಾರಾದ್ರೂ ಒಬ್ರು ಬರಲ್ಲ, ಬಂದೇ ಬರಲ್ಲ. ಅದನ್ನ ನಮ್ ಹುಡುಗೀಗೆ ಹಾಕ್ಸಿಬಿಡಿ, ಮುಗೀತು," ಎಂದರು.

ಹೀಗೆ, ಒಬ್ಬರೂ ತಪ್ಪಬಾರದೆಂದು ಆರು ತಿಂಗಳು ಭಾಷಣ ಮಾಡಿದ ಮನುಷ್ಯನಿಗೆ, ಒಬ್ಬರು ತಪ್ಪಿದರೆ ಅನುಕೂಲ ಎನ್ನುವ ಪರಿಸ್ಥಿತಿ ಬಂತು.

ಶನಿವಾರ ಬೆಳಗ್ಗೆ ಭೀಮಬಾಯಿ ಮೆಟ್ಟಿಲ ಮೇಲೆ ಕೂತಿದ್ದಳು. ಈ ಸಲ ಬಸವಪ್ರಭುಗಳೇ ಅವಳಿಗೊಂದು ಕುರ್ಚಿ ಹಾಕಿಸಿದ್ದರು; ಅವಳು ಅದರ ಮೇಲೆ ಬುಟ್ಟಿ ಇಟ್ಟು ತಾನು ಕೆಳಗೇ ಕೂತಳು. ಹುಡುಗಿಯರು ಒಬ್ಬೊಬ್ಬರಾಗಿ ಬಂದರು. ಕೆ.ಆರ್. ಪುರಂನಿಂದ ಎರಡು ಬಸ್ಸು ಬದಲಾಯಿಸಿ ಒಬ್ಬಳು, ಕಾಲೇಜಿನ ಅಣ್ಣನ ಸ್ಕೂಟರ್ ಹಿಂದೆ ಕೂತು ಒಬ್ಬಳು, ತೌರಿಗೆ ಹೊರಟ ತಾಯಿಯ ಜೊತೆ ಗಂಟು ಮೂಟೆ ಸಮೇತ ಒಬ್ಬಳು. ಹತ್ತು ದಿನದಲ್ಲಿ ಭೀಮಬಾಯಿ ಯಾರಿಗೆ ಏನು ಹೇಳಿದಳೋ, ಎಷ್ಟು ಮನೆಯವರು ರೈಲು ಹಿಂದು ಮುಂದು ಮಾಡಿಕೊಂಡರೋ. ಬಸವಪ್ರಭುಗಳು ಬಾಗಿಲಲ್ಲಿ ನಿಂತು ಎಣಿಸುತ್ತಿದ್ದರು. ಪ್ರತಿ ಹುಡುಗಿಯನ್ನೂ ಕಂಡು ಹಿಗ್ಗುವರು, ಆಮೇಲೆ ಅಂಗಿಯ ತೋಳು ಮಡಚಿಕೊಂಡು ಮೂಲೆಯಲ್ಲಿ ಕೂತ ವೈಷ್ಣವಿಯ ಕಡೆ ನೋಡಿ ಸ್ವಲ್ಪ ಇಳಿಯುವರು.

ಎರಡು ಗಂಟೆಯ ಹೊತ್ತಿಗೆ ಇಪ್ಪತ್ತು ಹುಡುಗಿಯರದು ಆಗಿತ್ತು. ಸೌಂದರ್ಯಾ ಬಂದಿರಲಿಲ್ಲ.

"ಒಂದೇ ಉಳಿದಿದೆ ಸರ್," ಎಂದರು ಸಿಸ್ಟರ್, ಐಸ್ ಪೆಟ್ಟಿಗೆಯ ಮುಚ್ಚಳ ಹಿಡಿದುಕೊಂಡು. "ನಾಲ್ಕಕ್ಕೆ ಪೆಟ್ಟಿಗೆ ಒಯ್ಯೋ ಗಾಡಿ ಬರುತ್ತೆ. ಅಧ್ಯಕ್ಷರು ಫೋನ್ ಮಾಡಿದ್ರು. ಬೇಬಿಗೆ ಹಾಕ್ಬಿಡ್ಲಾ?"

ಬಸವಪ್ರಭುಗಳು ಗಂಟಲು ಸರಿ ಮಾಡಿಕೊಂಡರು. ಏನೋ ಒಂದು ಆಡಳಿತಾತ್ಮಕ ವಾಕ್ಯ ಬಾಯಿಗೆ ಬರುತ್ತಿತ್ತು. ಅಷ್ಟರಲ್ಲಿ ಭೀಮಬಾಯಿ ಒಳಗೆ ಬಂದು ನಿಂತಳು.

"ಅದು ಸೌಂದರ್ಯಾಂದ್ರಿ. ಮುಟ್ಟಬ್ಯಾಡ್ರಿ. ನಾ ಹೋಗಿ ಕರ್ಕೊಂಡು ಬರ್ತೀನಿ."

"ಬಸ್ಸಲ್ಲಿ ಹೋಗಿ ಬರೋ ಹೊತ್ತಿಗೆ ಐದಾಗುತ್ತಮ್ಮ."

"ಆಗ್ಲಿ, ಓಡ್ತೀನಿ."

ಸೊಂಟ ಹಿಡಿದವಳು ಲಿಂಗರಾಜಪುರದ ತನಕ ಓಡುವ ಮಾತಾಡಿದ್ದು ಕೇಳಿ ಬಸವಪ್ರಭುಗಳ ಬಾಯಿಯ ವಾಕ್ಯ ಹಿಂದಕ್ಕೆ ಹೋಯಿತು. "ಸಿಸ್ಟರ್, ಪೆಟ್ಟಿಗೆ ಮುಚ್ಚಿ. ನಾಲ್ಕರ ತನಕ ತೆಗೀಬೇಡಿ," ಎಂದು ಕಾರಿನ ಕೀಲಿ ಹುಡುಕಿದರು. ಹೀಗೆ ತಮ್ಮ ಮಗಳಿಗೆ ಸಿಗುವ ಸೂಜಿಯನ್ನು ಕಳೆದುಕೊಳ್ಳಲು ತಾವೇ ಪೆಟ್ರೋಲು ಸುಟ್ಟುಕೊಂಡು ಹೊರಟರು.

ಲಿಂಗರಾಜಪುರದ ಕೋಣೆಯಲ್ಲಿ ಗಂಟು ಕಟ್ಟುತ್ತಿದ್ದರು. ಸೌಂದರ್ಯಾಳ ಅಪ್ಪ ನಿಂಗಣ್ಣ ಗಾರೆ ಮೇಸ್ತ್ರಿ. ಅತ್ತೆಮನೆಯ ಕರೆಗೆಂದು ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಹದಿಮೂರರ ಸೌಂದರ್ಯಾ ಟ್ರಂಕಿನ ಮೇಲೆ ಕೂತಿದ್ದಳು. ಸಂಜೆ ಕಂಟೋನ್ಮೆಂಟ್ ಸ್ಟೇಷನ್ನಿನಿಂದ ರೈಲು.

ಮೊದಲು ಬಸವಪ್ರಭುಗಳು ಮಾತಾಡಿದರು. ಜಗತ್ತಿನ ಅಂಕಿಅಂಶ, ದೇಶದ ಅಂಕಿಅಂಶ, ತಂದೆಯ ಕರ್ತವ್ಯ, ಮೂರನ್ನೂ ಕ್ರಮವಾಗಿ ಮುಗಿಸಿದರು. ನಿಂಗಣ್ಣ ಕೈಕಟ್ಟಿ ನಿಂತು, ಒಂದೊಂದು ವಾಕ್ಯಕ್ಕೂ "ಖರೆ ಅದ್ರಿ," "ಹೌದ್ರಿ ಸಾಹೇಬ್ರ," "ನೀವು ಹೇಳಿದ ಮ್ಯಾಲೆ ಮುಗೀತ್ರಿ," ಎಂದ. ಬಸವಪ್ರಭುಗಳು ಗೆದ್ದೆನೆಂದುಕೊಂಡರು. ಆಗ ನಿಂಗಣ್ಣ ಅಷ್ಟೇ ವಿನಯದಿಂದ, "ಅಧಿಕ ಮುಗದ ಮ್ಯಾಲೆ ನೋಡೋಣ್ರಿ. ನಮ್ಮವ್ವ ಬ್ಯಾಡ ಅಂದಾಳ," ಎಂದು ಗಂಟಿಗೆ ಇನ್ನೊಂದು ಬಿಗಿ ಹಾಕಿದ.

ಭೀಮಬಾಯಿ ಹೊಸ್ತಿಲ ಮೇಲೆ ಕೂತಳು. "ಏ ನಿಂಗ್ಯಾ, ಸೋಮವಾರ ಎಲ್ಲಿ ಹೋಗಿದ್ಯೋ?"

"ಕೆಲಸಕ್ಕ, ಅಕ್ಕಾ. ಸ್ಲ್ಯಾಬ್ ಇತ್ತು. ಮೂರನೇ ಮಾಳಗಿ."

"ಅಧಿಕದಾಗ ಸ್ಲ್ಯಾಬ್ ಹಾಕಿದಿ?"

"ಅದು ಅಧಿಕ ಬರೂಕಿಂತ ಮೊದಲ ಪಾಯಾ ತಗದದ್ದು ಅಲ್ಲಕ್ಕಾ? ಹೊಸಾದು ಹಿಡೀಬಾರದು. ಹಿಡದದ್ದು ನಡೂ ಬಿಡ್ಲಿಕ್ಕೆ ಬರ್ತದೇನು? ಕಬ್ಬಿಣ ತುಕ್ಕು ಹಿಡೀತದ."

"ಮತ್ತ ನಿನ್ನ ಮಗಳ ಪಾಯಾ ಯಾವಾಗ ತಗದಿ?"

ನಿಂಗಣ್ಣ ಗಂಟು ಬಿಟ್ಟು ಅವಳ ಮುಖ ನೋಡಿದ. ಬಾಗಿಲ ಹಿಂದಿನಿಂದ ಅವನ ಹೆಂಡತಿ ಸೆರಗು ಬಾಯಿಗಿಟ್ಟು ನಕ್ಕಳು. "ಏ, ಹೋಗ್ರಿ ಅಂತೀನಿ. ಮನಿ ಮಾಲಕಗ ಸ್ಲ್ಯಾಬ್ ಹಾಕಿ ಕೊಟ್ರಿ, ಮಗಳಿಗಿ ಹಾಕ್ಸಂಗಿಲ್ಲಂದ್ರ ಹ್ಯಾಂಗ?"

"ನಮ್ಮವ್ವಗ ಏನು ಹೇಳ್ಲಿ?"

"ಮಾಳಗಿ ಹಾಕ್ಸಿದೆ ಅನ್ನು."

ಸೌಂದರ್ಯಾ ಟ್ರಂಕಿನಿಂದ ಇಳಿದಳು. "ದೊಡ್ಡವ್ವಾ, ಈ ಸಲನೂ ನೋಯ್ತದೇನು?"

"ನೋಯ್ತದ. ಸುಳ್ಳು ಯಾಕ ಹೇಳ್ಲಿ? ನೀ ಉಂಡೀಯೋ ಇಲ್ಲೋ, ಅದ ಹೇಳು."

ವಾಪಸು ಬರುವಾಗ ಕಾರಿನಲ್ಲಿ ನಿಂಗಣ್ಣನ ಪೂರ್ತಿ ಸಂಸಾರ, ಟ್ರಂಕು, ಮೂರು ಗಂಟು, ಒಂದು ಪ್ಲಾಸ್ಟಿಕ್ ಕೊಡ ಇದ್ದವು. ಬಿಳಿ ಸೀಟು ಕವರಿನ ಬಗ್ಗೆ ಬಸವಪ್ರಭುಗಳು ಮನೆಯವರಿಗೂ ನಿಯಮ ಮಾಡಿಟ್ಟಿದ್ದರು. ಆ ನಿಯಮ ಅವತ್ತು ನೆನಪಿಗೆ ಬರಲಿಲ್ಲ. ಮೂರೂ ಮುಕ್ಕಾಲಿಗೆ ಸಭಾಂಗಣದ ಮುಂದೆ ನಿಂತಾಗ ಶಿರೀನ್ ಸಿಸ್ಟರ್ ಪೆಟ್ಟಿಗೆಯ ಮೇಲೆ ಕೈಯೂರಿ ಕೂತಿದ್ದರು, ಯಾರೋ ಕದ್ದೊಯ್ಯುವವರಿದ್ದಾರೆ ಎನ್ನುವಂತೆ.

"ಆಯ್ತು ಬೇಟಾ, ಮುಗೀತು," ಎಂದು ಸೌಂದರ್ಯಾಳ ತೋಳಿಗೆ ಹತ್ತಿ ಒತ್ತಿದಾಗ ನಿಂಗಣ್ಣನ ಹೆಂಡತಿ ಬಂದು ಎರಡೂ ಕೈ ಜೋಡಿಸಿದಳು. ಬಸವಪ್ರಭುಗಳು ವಿನಯದಿಂದ ಪ್ರತಿನಮಸ್ಕಾರಕ್ಕೆ ಕೈ ಎತ್ತಿದರು. ಅವಳು ಕೈ ಮುಗಿದದ್ದು ಅವರ ಹಿಂದೆ ನಿಂತಿದ್ದ ಭೀಮಬಾಯಿಗೆ. ಎತ್ತಿದ ಕೈಯಿಂದ ಅವರು ಕೂದಲು ಸರಿ ಮಾಡಿಕೊಂಡರು. ಆದರೂ ಯಾಕೋ ಬೇಜಾರಾಗಲಿಲ್ಲ.

ವೈಷ್ಣವಿ ಮಡಚಿದ್ದ ತೋಳು ಇಳಿಸಿಕೊಂಡಳು. "ನಂದು ಯಾವಾಗ ಅಪ್ಪಾ?"

"ಸೋಮವಾರ. ಇಂದಿರಾನಗರದ ಕ್ಲಿನಿಕ್‌ನಲ್ಲಿ. ದುಡ್ಡು ಕೊಟ್ಟು," ಎಂದರು ಬಸವಪ್ರಭುಗಳು. ಅವರಿಗೆ ಆ ಶಕ್ತಿ ಇತ್ತು. ಇದೆ ಎನ್ನುವುದನ್ನು ಅಷ್ಟು ಹೊತ್ತು ಮರೆತಿದ್ದಕ್ಕೆ ಸ್ವಲ್ಪ ನಾಚಿಕೆಯೂ ಆಯಿತು. ಆಮೇಲೆ ನಿಂಗಣ್ಣನ ಸಂಸಾರವನ್ನು ಕಂಟೋನ್ಮೆಂಟ್ ಸ್ಟೇಷನ್ನಿಗೆ ಬಿಟ್ಟು, ಪ್ಲಾಟ್‌ಫಾರಂ ತನಕ ಕೊಡ ಹಿಡಿದುಕೊಂಡು ಹೋದರು.

ಸೋಮವಾರ ಬೆಳಗ್ಗೆ ಕ್ಲಿನಿಕ್ಕಿನ ಗಾಜಿನ ಬಾಗಿಲು ತಳ್ಳಿದರೆ, ಒಳಗೆ ಎ.ಸಿ.ಯ ತಣ್ಣನೆ ಗಾಳಿಯಲ್ಲಿ, ನೀಲಿ ಸೋಫಾದ ತುದಿಯಲ್ಲಿ ಭೀಮಬಾಯಿ ಕೂತಿದ್ದಳು. ಮಡಿಲಲ್ಲಿ ಡಬ್ಬಿ. ರಿಸೆಪ್ಷನ್ನಿನ ಹುಡುಗಿ ಅವಳನ್ನು ಎಬ್ಬಿಸುವುದೋ ಬೇಡವೋ ಎಂಬ ಅನುಮಾನದಲ್ಲಿದ್ದಳು.

"ಅವರು ನಮ್ಮವರು," ಎಂದರು ಬಸವಪ್ರಭುಗಳು, ಜೋರಾಗಿ.

"ಒಲಿ ಶಿವಪುತ್ರನ ಕೈಯಾಗ ಕೊಟ್ಟು ಬಂದೀನ್ರಿ, ಏನ ಸುಡ್ತಾನೋ," ಎಂದು ಭೀಮಬಾಯಿ ಡಬ್ಬಿ ಬಿಚ್ಚಿದಳು. "ತಿನ್ನು ತಂಗಿ. ಆಮ್ಯಾಗ ಒಳಗ ಹೋಗು."

"ಆಂಟಿ, ನಾನು ಓಟ್ಸ್ ತಿಂದ್ಕೊಂಡೇ ಬಂದಿದ್ದೀನಿ."

"ಅದೇನದೋ ಇರ್ಲಿ. ಇದು ತಿನ್ನು."

ವೈಷ್ಣವಿ ತಿಂದಳು, ಒಳಗೆ ಹೋದಳು, ನಗುತ್ತ ಹೊರಗೆ ಬಂದಳು. ಭೀಮಬಾಯಿ ಅವಳ ತೋಳು ನೋಡಿ, "ಇಪ್ಪತ್ತೆರಡು," ಎಂದು ಡಬ್ಬಿ ಮುಚ್ಚಿದಳು. ಬಸವಪ್ರಭುಗಳಿಗೆ ಥ್ಯಾಂಕ್ಸ್ ಹೇಳಬೇಕೆನಿಸಿತು. ಎಲ್ಲ ಸಮಾರಂಭಗಳಲ್ಲೂ ವಂದನಾರ್ಪಣೆಗೆ ಅವರೇ ನಿಲ್ಲುವವರು. ಮೂರು ಪುಟ ಬಾಯಿಪಾಠವಿತ್ತು. ಅವತ್ತು ಒಂದು ಸಾಲೂ ಬರಲಿಲ್ಲ. ಅವಳ ಕೈಯಿಂದ ಡಬ್ಬಿ ತೆಗೆದುಕೊಂಡು, ಕಾರಿನ ಮುಂದಿನ ಸೀಟಿನ ಬಾಗಿಲು ತೆರೆದು ಹಿಡಿದರು.

ಇಷ್ಟಕ್ಕೇ ಬಿಟ್ಟಿದ್ದರೆ ಅವರು ಬಸವಪ್ರಭುಗಳೇ ಅಲ್ಲ. ಶ್ರಾವಣದಲ್ಲಿ ಬಳಗದ ಸಭೆ ಸೇರಿತು. ಶಾಲು ಬಂತು, ಹಣ್ಣಿನ ಬುಟ್ಟಿ ಬಂತು. ಭೀಮಬಾಯಿ ಹಸಿರು ಇಳಕಲ್ ಸೀರೆ ಉಟ್ಟುಕೊಂಡು ವೇದಿಕೆಯ ಮೇಲೆ ಕೂತಳು, ಈ ಸಲ ಕುರ್ಚಿಯಲ್ಲೇ. ಮುಂದಿನ ಸಾಲಿನಲ್ಲಿ ವಿಮಲಾಕ್ಷಿ, ವೈಷ್ಣವಿ, ಶಿರೀನ್ ಸಿಸ್ಟರ್. ಹಿಂದೆ ಜಡೆಗೆ ಹೂ ಮುಡಿದ ಹುಡುಗಿಯರ ಹಿಂಡು. ಹೇಳಲಾಗದೆ ಉಳಿದದ್ದನ್ನೆಲ್ಲ ಬಸವಪ್ರಭುಗಳು ಹೇಳಿದರು. ತಮ್ಮ ಮಗಳನ್ನು ತಾವೇ ಮರೆತದ್ದನ್ನೂ ಮುಚ್ಚಿಡದೆ ಹೇಳಿದರು. ಹೇಳುವಾಗ ಎರಡು ಸಲ ಕನ್ನಡಕ ಒರೆಸಿಕೊಂಡರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೈಯಲ್ಲಿ ಮೈಕಿತ್ತು, ಬಳಗದ ಪತ್ರಿಕೆಗೆ ಒಂದು ಹೇಳಿಕೆಯೂ ಬೇಕಿತ್ತು.

"ಭೀಮಬಾಯಿಯವರೇ," ಎಂದರು, ಮೈಕನ್ನು ಅವಳ ಮುಂದೆ ಹಿಡಿದು, "ಪ್ರತಿಯೊಬ್ಬ ಹುಡುಗಿಯೂ ಎರಡನೇ ಡೋಸ್ ಹಾಕಿಸಿಕೊಳ್ಳಲೇಬೇಕು ಎಂಬ ಈ ಸಂಕಲ್ಪ, ಈ ದೂರದೃಷ್ಟಿ ನಿಮ್ಮಲ್ಲಿ ಮೂಡಿದ್ದು ಹೇಗೆ?"

ಭೀಮಬಾಯಿ ಮೈಕನ್ನು ನೋಡಿದಳು, ಅವರನ್ನು ನೋಡಿದಳು.

"ಎರಡು ಹಾಕಿಸ್ಬೇಕು ಅಂತ ನೀವ ಹೇಳಿದ್ರಲ್ರಿ, ಸಾಹೇಬ್ರ."